ಒಂದು ಎಸೆತ, 269 ಹೊಡೆತ

2021ರ ಆಗಸ್ಟ್ 7ರ ಶನಿವಾರ ಟೋಕಿಯೋ ಒಲಿಂಪಿಕ್ಸ್‌ನಿಂದ ಭಾರತಕ್ಕೆ ಬೆಳಿಗ್ಗೆ ಒಂದು ಸುದ್ದಿ ಬಂತು, ಸಂಜೆ ಇನ್ನೊಂದು. ಬೆಳಗಿನದು ಬೆಂಗಳೂರಿನ ಅದಿತಿ ಅಶೋಕ್ ಅವರದು. ಗಾಲ್ಫ್‌ನಲ್ಲಿ ನಾಲ್ಕನೆಯ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಸಂಜೆಯದು ಹರಿಯಾಣದ ನೀರಜ್ ಚೋಪ್ರಾ ಅವರದು. ಜಾವೆಲಿನ್ ಎಸೆತದಲ್ಲಿ ಚಿನ್ನ. ಗಾಲ್ಫ್ ಅಂದರೇನೆಂದು ಅರಿಯದವರೂ ಆ ಬೆಳಿಗ್ಗೆ ಟೀವಿ ಹಾಕಿಕೊಂಡು ಕೂತು ಕೈ ಹಿಸುಕಿಕೊಂಡಿದ್ದರು. ಸಂಜೆಯ ಸಂಭ್ರಮದಲ್ಲಿ ಬೆಳಗಿನ ಸಂಕಟ ಮರೆತೇಹೋಯಿತು. ಅದು ಸಹಜವೇ. ಆದರೆ ಆ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚಿನ್ನ ಮತ್ತು ನಾಲ್ಕನೆಯ ಸ್ಥಾನಗಳಿಗಿಂತ ದೊಡ್ಡದೊಂದು ವ್ಯತ್ಯಾಸ ಕಾಣುತ್ತದೆ. ಮನುಷ್ಯನ ಪ್ರಯತ್ನವನ್ನು ಅಳೆಯುವ ಎರಡು ಬೇರೆಬೇರೆ ಲೆಕ್ಕಗಳು ಅಲ್ಲಿವೆ.

ನೀರಜ್ ಆ ಸಂಜೆ ಆರು ಸಲ ಎಸೆದರು. ಮೊದಲನೆಯದು 87.03 ಮೀಟರ್, ಎರಡನೆಯದು 87.58, ಮೂರನೆಯದು 76.79. ಆಮೇಲಿನ ಎರಡು ಫೌಲ್. ಕೊನೆಯದು 84.24. ಲೆಕ್ಕಕ್ಕೆ ಬಂದದ್ದು ಎರಡನೆಯದು ಮಾತ್ರ. ಉಳಿದ ಐದನ್ನು ಕಾಗದದಲ್ಲಿ ಬರೆದುಕೊಂಡರೂ ಅವು ಯಾವ ಕೆಡುಕನ್ನೂ ಮಾಡಲಿಲ್ಲ. ಎರಡು ಫೌಲ್‌ಗಳಿಗೆ ಯಾವ ದಂಡವೂ ಇಲ್ಲ. ಆ ಆಟ ಎಸೆಯುವವನಿಗೆ ಕೇಳುವುದು ಒಂದೇ ಪ್ರಶ್ನೆ: ನಿನ್ನಿಂದ ಆಗುವ ಅತ್ಯುತ್ತಮವಾದದ್ದು ಯಾವುದು? ಅದನ್ನು ಒಮ್ಮೆ ತೋರಿಸಿದರೆ ಸಾಕು.

ಅದಿತಿ ಕಾಸುಮಿಗಾಸೆಕಿ ಗಾಲ್ಫ್ ಮೈದಾನದಲ್ಲಿ ನಾಲ್ಕು ದಿನ ಆಡಿದರು. ದಿನಕ್ಕೆ 18ರಂತೆ 72 ಕುಳಿಗಳು. ಮೊದಲ ದಿನ 67 ಹೊಡೆತ, ಮಾರನೆಯ ದಿನ 66, ಆಮೇಲೆ 68, ಕೊನೆಗೆ ಮತ್ತೆ 68. ಒಟ್ಟು 269. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುವ ಆಟವಿದು, ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಗಾಳಿ ಎಳೆದುಕೊಂಡು ಹೋದದ್ದು, ಹುಲ್ಲಿನಲ್ಲಿ ಸಿಕ್ಕಿದ್ದು, ಕುಳಿಯ ಅಂಚಿಗೆ ತಾಗಿ ಹೊರಳಿದ್ದು, ಎಲ್ಲವೂ ಮೊತ್ತದಲ್ಲಿ ಕೂತಿವೆ. ಈ ಆಟದ ಪ್ರಶ್ನೆಯೇ ಬೇರೆ: ನೀನು ಮಾಡಿದ್ದೆಲ್ಲ ಸೇರಿದರೆ ಎಷ್ಟು?

ಈ ಎರಡು ಲೆಕ್ಕಗಳು ನಮಗೆ ಹೊಸವಲ್ಲ. ನಮ್ಮ ಊರುಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳು ಮೊದಲನೆಯ ಲೆಕ್ಕದವು. ಅಪಹರಿಸಿದ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನು ಅದಕ್ಕೂ ಮೊದಲು ಎಂಥ ಗಂಡ, ಎಂಥ ಮಗ, ಯಾರ ಸಾಲ ತೀರಿಸದೆ ಉಳಿಸಿಕೊಂಡಿದ್ದ ಎಂದು ಆ ಕಲ್ಲು ಕೇಳುವುದಿಲ್ಲ. ಒಂದು ದಿನದ ಒಂದು ಕೆಲಸ ಸಾಕು. ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವ ಚಿತ್ರವನ್ನು ಶಿಲ್ಪಿ ಕೆತ್ತುತ್ತಾನೆ. ಇನ್ನೊಂದು ಲೆಕ್ಕ ಚಿತ್ರಗುಪ್ತನದು. ಅವನ ಕಡತದಲ್ಲಿ ದೊಡ್ಡದು ಸಣ್ಣದು ಎಂಬ ಭೇದವಿಲ್ಲದೆ ಎಲ್ಲವೂ ದಾಖಲಾಗುತ್ತದೆ. ವೃತ್ತಿಯಾಗಿ ಗಾಲ್ಫ್ ಆಡುವವರು ಬದುಕಿಡೀ ಈ ಎರಡು ಲೆಕ್ಕಗಳ ನಡುವೆ ಓಡಾಡುತ್ತಾರೆ ಎಂದು ನನಗೆ ಅನ್ನಿಸುತ್ತದೆ. ನಾವೂ ಹಾಗೆಯೇ. ನಮ್ಮ ಕೈಯಲ್ಲಿ ಸ್ಕೋರ್ ಕಾರ್ಡ್ ಇಲ್ಲ ಅಷ್ಟೆ.

ಗಾಲ್ಫಿನ ಕಾರ್ಡಿಗೆ ಒಂದು ವಿಚಿತ್ರ ಸಮತೆಯಿದೆ. ಮೈಯೆಲ್ಲ ಬಿಲ್ಲಾಗಿಸಿ ಇನ್ನೂರೈವತ್ತು ಗಜ ದೂರಕ್ಕೆ ಅಟ್ಟಿದ ಹೊಡೆತವೂ ಒಂದು. ಕುಳಿಯ ಬಾಯಲ್ಲಿ ನಿಂತ ಚೆಂಡನ್ನು ಒಳಗೆ ತಳ್ಳಿದ್ದೂ ಒಂದು. ಅದಿತಿಯ ವೃತ್ತಿಯೆಲ್ಲ ಈ ಸಮತೆಯ ಮೇಲೆ ನಿಂತಿದೆ. ಅವರು ದೂರ ಹೊಡೆಯುವವರಲ್ಲ. ಟೋಕಿಯೋಗೆ ಮುಂಚೆ ಕೋವಿಡ್ ಬಂದು ಇದ್ದ ಬಲವೂ ಕುಗ್ಗಿತ್ತು. ಅಲ್ಲಿ ಆಡಿದ 60 ಮಂದಿಯಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರಿದ್ದರು. ವಿಶ್ವ ರ್‍ಯಾಂಕಿಂಗ್‌ನಲ್ಲಿ ಆಗ ಅವರ ಸ್ಥಾನ 200. ಮೊದಲ ಹೊಡೆತದಲ್ಲೇ ಹಿಂದೆ ಬಿದ್ದವರು ಕುಳಿಯ ಸುತ್ತಲಿನ ಗ್ರೀನ್ ಮೇಲಿನ ಮೆಲು ಹೊಡೆತಗಳಲ್ಲಿ ಅದನ್ನು ತುಂಬಿಕೊಂಡರು. ಮೂರು ದಿನ ಮುಗಿದಾಗ ಅವರ ಮುಂದೆ ಇದ್ದದ್ದು ಒಬ್ಬರೇ, ಆಗಿನ ವಿಶ್ವದ ಮೊದಲ ರ್‍ಯಾಂಕಿನ ಆಟಗಾರ್ತಿ, ಅಮೆರಿಕದ ನೆಲ್ಲಿ ಕೋರ್ಡಾ. ಬಲಕ್ಕೆ ಹೆಚ್ಚು ಅಂಕ, ಸೂಕ್ಷ್ಮಕ್ಕೆ ಕಡಿಮೆ ಅಂಕ ಎಂಬ ಆಟವಾಗಿದ್ದರೆ ಅದಿತಿ ಅಲ್ಲಿಯವರೆಗೆ ಬರುವಂತೆಯೇ ಇರಲಿಲ್ಲ.

ಆದರೆ ಎತ್ತಿದ ಕೈಯೇ ಬೀಳಿಸಲೂಬಲ್ಲದು. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ 1983ರ ಓಪನ್ ಚಾಂಪಿಯನ್‌ಶಿಪ್ ನಡೆದಾಗ ಅಮೆರಿಕದ ಹೇಲ್ ಅರ್ವಿನ್ ಮೂರನೆಯ ದಿನ 14ನೆಯ ಕುಳಿಯ ಬಳಿ ಎರಡು ಮೂರು ಅಂಗುಲ ದೂರದಲ್ಲಿದ್ದ ಚೆಂಡನ್ನು ಉದಾಸೀನದಿಂದ ಹಿಂಗೈಯಲ್ಲಿ ತಳ್ಳಲು ಹೋದರು. ಪಟರ್ ಎಂಬ ಕೋಲು ನೆಲಕ್ಕೆ ಬಡಿದು ಚೆಂಡಿನ ಮೇಲಿಂದ ಹಾರಿತು. ಚೆಂಡು ಅಲುಗಲೇ ಇಲ್ಲ. ಹೊಡೆಯುವ ಉದ್ದೇಶದಿಂದ ಬೀಸಿದ್ದರಿಂದ ಅದೂ ಒಂದು ಹೊಡೆತವೆಂದು ಲೆಕ್ಕಕ್ಕೆ ಬಂತು. ಮರುದಿನ ಟಾಮ್ ವಾಟ್ಸನ್ 275 ಹೊಡೆತಗಳಲ್ಲಿ ಗೆದ್ದರು. ಅರ್ವಿನ್ ಅವರದು 276.

ಈ ಕಥೆಯನ್ನು ಹೇಳುವವರೆಲ್ಲ ಆ ಒಂದು ಬೀಸನ್ನೇ ಬೆರಳು ಮಾಡಿ ತೋರಿಸುತ್ತಾರೆ. ನಿಜವಾಗಿ ನೋಡಿದರೆ ಆ 276ರಲ್ಲಿ ಯಾವುದೇ ಒಂದು ಕಡಿಮೆಯಾಗಿದ್ದರೂ ಅರ್ವಿನ್ ವಾಟ್ಸನ್ ಜೊತೆ ಸಮನಾಗುತ್ತಿದ್ದರು. ಟೋಕಿಯೋದಲ್ಲೂ ಹೀಗೆಯೇ ಆಯಿತು. ಕೊನೆಯ ಕುಳಿಯಲ್ಲಿ ಅದಿತಿಯ ಬರ್ಡಿ, ಅಂದರೆ ನಿಗದಿತ ಎಣಿಕೆಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸುವ ಪ್ರಯತ್ನ, ಸ್ವಲ್ಪದರಲ್ಲಿ ತಪ್ಪಿತು. ಅದು ಬಿದ್ದಿದ್ದರೆ 268 ಹೊಡೆತಗಳಲ್ಲಿ ಮುಗಿಸಿದ್ದ ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಅವರ ಸಮಕ್ಕೆ ನಿಲ್ಲುತ್ತಿದ್ದರು. ದೇಶವೆಲ್ಲ ಆ ಕೊನೆಯ ಹೊಡೆತವನ್ನು ನೆನಪಿಟ್ಟುಕೊಂಡಿತು. ಬುಧವಾರದ ಮೊದಲ ಕುಳಿಯಲ್ಲಿ ಹೊಡೆದದ್ದೂ ಅಷ್ಟೇ ತೂಕದ್ದು ಎಂಬುದನ್ನು ಯಾರೂ ನೆನೆಯಲಿಲ್ಲ.

ಚಿನ್ನದ ಕಥೆಯೂ ಇದನ್ನೇ ಹೇಳುತ್ತದೆ. ಕೋರ್ಡಾ ಅವರ ನಾಲ್ಕು ದಿನಗಳು 67, 62, 69, 69, ಒಟ್ಟು 267. ಮೊದಲ ದಿನ ಇಬ್ಬರೂ ಸಮ. ಕೊನೆಯ ಎರಡು ದಿನಗಳನ್ನು ಮಾತ್ರ ತೆಗೆದುಕೊಂಡರೆ ಅದಿತಿಯೇ ಎರಡು ಹೊಡೆತ ಮುಂದೆ. ಹಾಗಾದರೆ ಚಿನ್ನ ದಕ್ಕಿದ್ದು ಯಾವಾಗ? ಎರಡನೆಯ ದಿನ, ಗುರುವಾರ, ಭಾರತದಲ್ಲಿ ಹೆಚ್ಚಿನವರು ಇನ್ನೂ ಗಾಲ್ಫಿನ ಕಡೆ ತಿರುಗಿ ನೋಡುವ ಮೊದಲು. ಶನಿವಾರ ನಡೆದದ್ದು ಅದರ ಪಾವತಿ ಮಾತ್ರ. ಫಲ ಕೈಗೆ ಬರುವ ದಿನವನ್ನೇ ನಾವು ಫಲಕ್ಕೆ ಕಾರಣವೆಂದು ತಿಳಿಯುತ್ತೇವೆ. ಮಗನ ಪರೀಕ್ಷೆಯ ಫಲಿತಾಂಶದಲ್ಲೂ, ಮುರಿದುಬಿದ್ದ ಸಂಬಂಧದಲ್ಲೂ ಕೊನೆಯ ಗಳಿಗೆಯನ್ನೇ ಹಿಡಿದು ಜಗ್ಗುತ್ತೇವೆ. ಮುರಿದದ್ದು ಯಾವುದೋ ಗುರುವಾರ ಆಗಿರುತ್ತದೆ.

ಹಾಗೆಂದು ಗಾಲ್ಫಿನ ಲೆಕ್ಕ ಚಿತ್ರಗುಪ್ತನ ಲೆಕ್ಕದಷ್ಟು ಉದ್ದವಾದದ್ದಲ್ಲ. ಅದರ ಖಾತೆ ನಾಲ್ಕನೆಯ ದಿನದ ಸಂಜೆಗೆ ಮುಚ್ಚುತ್ತದೆ. 2023ರ ಫೆಬ್ರವರಿಯಲ್ಲಿ ಅದಿತಿ ಕೆನ್ಯಾದ ಟೂರ್ನಿಯನ್ನು ಒಂಬತ್ತು ಹೊಡೆತಗಳ ಅಂತರದಲ್ಲಿ ಗೆದ್ದರು. ಗೆಲ್ಲಲು ಬೇಕಾದದ್ದು ಒಂದೇ. ಉಳಿದ ಎಂಟು ಹೆಚ್ಚುವರಿ. ಆ ಎಂಟರಲ್ಲಿ ಒಂದನ್ನು ಟೋಕಿಯೋಗೆ ಕಳಿಸುವಂತಿರಲಿಲ್ಲ, ಮುಂದಕ್ಕೆ ಉಳಿತಾಯ ಮಾಡುವಂತೆಯೂ ಇರಲಿಲ್ಲ. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕೊನೆಯ ದಿನಕ್ಕೆ ಅವರು ಏಳು ಹೊಡೆತಗಳ ಮುನ್ನಡೆಯೊಂದಿಗೆ ಇಳಿದರು. ಆ ದಿನ ಅವರ ಕಾರ್ಡಿನಲ್ಲಿ ಬಂದದ್ದು 77. ಚಿನ್ನ ಥಾಯ್ಲೆಂಡಿನ ಆಟಗಾರ್ತಿಗೆ ಹೋಯಿತು, ಅದಿತಿಗೆ ಬೆಳ್ಳಿ. ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಆದರೂ ಬೆಳ್ಳಿ ಗೆದ್ದರು ಅನ್ನುವುದಕ್ಕಿಂತ ಚಿನ್ನ ಕಳೆದುಕೊಂಡರು ಎಂಬ ಮಾತೇ ಹೆಚ್ಚು ಕೇಳಿಬಂತು. ಎರಡು ತಿಂಗಳೊಳಗೆ ಸ್ಪೇನಿನ ಓಪನ್ ಟೂರ್ನಿಯಲ್ಲಿ ಅವರು ಮತ್ತೆ ಗೆದ್ದರು. ಅಲ್ಲಿನ ಮೊದಲ ಹೊಡೆತಕ್ಕೆ ನಿಂತಾಗ ಹಾಂಗ್‌ಝೌನ 77 ಅವರ ಕಾರ್ಡಿನಲ್ಲಿ ಇರಲಿಲ್ಲ. ಮನಸ್ಸಿನಲ್ಲಿ ಇತ್ತೋ ಇಲ್ಲವೋ, ಅವರೇ ಬಲ್ಲರು. ವೃತ್ತಿಪರರ ಕಸುಬಿನಲ್ಲಿ ಅರ್ಧ ಇದೇ ಇರಬೇಕು: ಕಾರ್ಡು ಮರೆತದ್ದನ್ನು ಮನಸ್ಸೂ ಮರೆಯುವಂತೆ ಪಳಗಿಸುವುದು.

ಇಷ್ಟು ನಿಷ್ಠುರವಾಗಿ ಮೊತ್ತ ಹಾಕುವ ಆಟ, ಒಬ್ಬರ ಇಡೀ ವೃತ್ತಿಯನ್ನು ಅಳೆಯುವಾಗ ಮಾತ್ರ ಸದ್ದಿಲ್ಲದೆ ಜಾವೆಲಿನ್ ಲೆಕ್ಕಕ್ಕೆ ಬರುತ್ತದೆ. ಜ್ಯಾಕ್ ನಿಕ್ಲಾಸ್ ಹೆಸರಿನೊಂದಿಗೆ ಎಲ್ಲರೂ ಹೇಳುವ ಅಂಕಿ 18. ಮೇಜರ್ ಎಂಬ ಅತಿ ದೊಡ್ಡ ಟೂರ್ನಿಗಳನ್ನು ಅಷ್ಟು ಸಲ ಅವರು 1962ರಿಂದ 1986ರವರೆಗೆ ಗೆದ್ದರು. ಅವರು ಎರಡನೆಯ ಸ್ಥಾನಕ್ಕೆ ನಿಂತ ಮೇಜರ್‌ಗಳು 19. ಗೆದ್ದದ್ದಕ್ಕಿಂತ ಒಂದು ಹೆಚ್ಚು! ಅತ್ಯುತ್ತಮ ಆಟಗಾರನೆಂದು ಹಲವರು ಒಪ್ಪುವವರ ಕಥೆಯೂ ಇದೇ. ಟೆನಿಸ್ ಪಂದ್ಯದಲ್ಲಿ ಇಬ್ಬರಲ್ಲಿ ಒಬ್ಬರು ಗೆಲ್ಲುತ್ತಾರೆ. ಗಾಲ್ಫ್ ಟೂರ್ನಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರು. ಸೋಲು ಇಲ್ಲಿ ನಿತ್ಯದ ಹವೆ. ಪ್ರತಿ ವಾರ ಸೋತು, ಮುಂದಿನ ವಾರ ಇನ್ನೊಂದು ದೇಶದ ಇನ್ನೊಂದು ಮೈದಾನಕ್ಕೆ ಹೋಗುವುದೇ ಉದ್ಯೋಗ. ಹೆಚ್ಚಿನ ಟೂರ್ನಿಗಳಲ್ಲಿ ಎರಡು ದಿನದ ಆಟ ಮುಗಿದ ಮೇಲೆ ಕಟ್ ಎಂಬ ಗೆರೆ ಎಳೆಯುತ್ತಾರೆ. ಗೆರೆಯ ಕೆಳಗುಳಿದವರು ಸಾಮಾನ್ಯವಾಗಿ ಬಹುಮಾನದ ಹಣವಿಲ್ಲದೆ ಗಂಟುಮೂಟೆ ಕಟ್ಟುತ್ತಾರೆ. ವಿಮಾನ, ಹೋಟೆಲು, ಕ್ಯಾಡಿ, ಎಲ್ಲದರ ಖರ್ಚೂ ಆಟಗಾರರದ್ದೇ. ಅದಿತಿಗೆ ರಿಯೋ ಒಲಿಂಪಿಕ್ಸ್‌ನಲ್ಲಿ ತಂದೆ, ಟೋಕಿಯೋದಲ್ಲಿ ತಾಯಿ ಕ್ಯಾಡಿಯಾಗಿ ಚೀಲ ಹೊತ್ತರು. ಒಂಟಿಯಾಟ ಎನ್ನಿಸಿಕೊಂಡ ಈ ಆಟದ ಹಿಂದೆ ಒಂದೊಂದು ಸಂಸಾರವೇ ನಡೆಯುತ್ತಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಾರ್ಡಿನ ಸಮತೆಯನ್ನು ಹೊಗಳುವವರು ಬೇಲಿಯ ಆಚೆ ನೋಡಬೇಕು. ಒಂದು ಹೊಡೆತಕ್ಕೆ ಒಂದೇ ಬೆಲೆ ಎಂಬ ಮಾತು ಒಳಗೆ ಬಂದವರಿಗೆ ಮಾತ್ರ. ಒಳಗೆ ಬರುವುದಕ್ಕೇ ಸದಸ್ಯತ್ವ ಬೇಕು, ದುಬಾರಿ ಸಾಮಗ್ರಿ ಬೇಕು, ಬಿಡುವು ಬೇಕು. ಬೆಂಗಳೂರಿನದೇ ಇನ್ನೊಂದು ಹೆಸರು ಸಿ. ಮುನಿಯಪ್ಪ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದವರು ವೃತ್ತಿಪರ ಆಟಗಾರರಾಗಿ, 2009ರ ಇಂಡಿಯನ್ ಓಪನ್ ಅನ್ನು ಗುರುಗ್ರಾಮದಲ್ಲಿ, ಸಮನಾದವರ ನಡುವಿನ ಪ್ಲೇಆಫ್‌ನಲ್ಲಿ ಗೆದ್ದರು. ಅವರ ಮೊದಲ ಹೊಡೆತಕ್ಕೂ ಹುಟ್ಟಿನಿಂದಲೇ ಕ್ಲಬ್ಬಿನ ಬಾಗಿಲು ತೆರೆದಿದ್ದವರ ಮೊದಲ ಹೊಡೆತಕ್ಕೂ ಕಾರ್ಡಿನಲ್ಲಿ ವ್ಯತ್ಯಾಸವಿಲ್ಲ. ಬದುಕಿನಲ್ಲಿ ಇದೆ. ಯಾವ ಲೆಕ್ಕವೂ ಎಲ್ಲಿಂದ ಎಣಿಸಲು ಶುರುಮಾಡುತ್ತದೆ ಎಂಬುದರ ಮೇಲೆಯೇ ಅದರ ನ್ಯಾಯ ನಿಂತಿರುತ್ತದೆ. ಮುನಿಯಪ್ಪ ಮೈದಾನಕ್ಕೆ ಬರುವ ಮೊದಲೇ ಎಷ್ಟೋ ಹೊಡೆತ ಹಿಂದಿದ್ದರು. ಅವನ್ನು ಯಾರೂ ಬರೆದಿಡಲಿಲ್ಲ.

ಹಾಗಾದರೆ ಬರೆಯುವವರು ಯಾರು? ಗಾಲ್ಫಿನಲ್ಲಿ ಜೊತೆಯಲ್ಲಿ ಆಡುವವರು ಅಂಕ ಗುರುತು ಹಾಕುತ್ತಾರೆ, ಕೊನೆಗೆ ಆಟಗಾರರು ತಮ್ಮ ಕಾರ್ಡಿಗೆ ತಾವೇ ಸಹಿ ಹಾಕುತ್ತಾರೆ. ತಪ್ಪಾದಾಗ ಹೇಳಿಕೊಳ್ಳುವ ಹೊಣೆಯೂ ಅವರದ್ದೇ. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಚೆಂಡಿನ ಪಕ್ಕ ಕೋಲು ಇಟ್ಟಾಗ ಅದು ಒಂದಿಷ್ಟು ಅಲುಗಿತು. ಇನ್ನಾರೂ ನೋಡಿರಲಿಲ್ಲ. ಅಧಿಕಾರಿಗಳು ಅವರ ತೀರ್ಮಾನಕ್ಕೇ ಬಿಟ್ಟರು. ಜೋನ್ಸ್ ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ನಾಲ್ಕು ಸುತ್ತು ಮುಗಿದಾಗ ಅವರು ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮನಾಗಿದ್ದರು, ಪ್ಲೇಆಫ್‌ನಲ್ಲಿ ಸೋತರು. ಆ ಒಂದನ್ನು ಬರೆದುಕೊಳ್ಳದಿದ್ದರೆ ಪ್ಲೇಆಫ್ ಬೇಕಾಗುತ್ತಲೇ ಇರಲಿಲ್ಲ. ಜೋನ್ಸ್ ಹಣಕ್ಕಾಗಿ ಆಡಿದವರಲ್ಲ, ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದವರು. ಆದರೆ ಗಾಲ್ಫ್ ವೃತ್ತಿಯವರೆಲ್ಲ ತಮ್ಮ ಮರ್ಯಾದೆಯ ಮಾತು ಬಂದಾಗ ಇಂದಿಗೂ ಅವರತ್ತ ನೋಡುತ್ತಾರೆ. ಇದರಲ್ಲೊಂದು ಸೋಜಿಗವಿದೆ. ತಮ್ಮ ಲೆಕ್ಕದಲ್ಲಿ ಜೋನ್ಸ್ ಒಂದನ್ನೂ ಬಿಡಲಿಲ್ಲ. ಹಾಗೆ ಬಿಡದೆ ಬರೆದುಕೊಂಡ ಆ ಒಂದೇ ಕೆಲಸವನ್ನು ಜಗತ್ತು ವೀರಗಲ್ಲಿನಂತೆ ನಿಲ್ಲಿಸಿಕೊಂಡಿದೆ.

ಎರಡು ಲೆಕ್ಕಗಳೂ ಬೇಕು ಎಂಬುದು ಇದರಿಂದ ಸ್ಪಷ್ಟ. ಯಾವುದು ಯಾರಿಗೆ ಎಂಬುದೇ ಪ್ರಶ್ನೆ. ರೂಢಿಯಲ್ಲಿ ನಾವು ನಮ್ಮನ್ನು ನಮ್ಮ ಅತ್ಯುತ್ತಮ ಎಸೆತದಿಂದ ಅಳೆದುಕೊಳ್ಳುತ್ತೇವೆ: ಎಂದೋ ಮಾಡಿದ ಒಂದು ಉಪಕಾರ, ಎಂದೋ ತೋರಿದ ಒಂದು ಧೈರ್ಯ. ಬೇರೆಯವರಿಗಾದರೋ ಪೂರ್ತಿ ಕಾರ್ಡು ಬಿಚ್ಚುತ್ತೇವೆ, ಅದರಲ್ಲೂ ತಪ್ಪಿದ ಒಂದು ಹೊಡೆತಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ಗಾಲ್ಫ್ ಆಡಿ ಬದುಕುವವರು ಇದನ್ನು ತಲೆಕೆಳಗು ಮಾಡಿ ತೋರಿಸುತ್ತಾರೆ. ತಮ್ಮ ಬಗ್ಗೆ ಅವರು ಎಣಿಸುವುದು ಎಲ್ಲವನ್ನೂ. ಜೊತೆಯವರು ಚೆನ್ನಾಗಿ ಹೊಡೆದಾಗ ಆ ಒಂದಕ್ಕೆ ಟೋಪಿ ಮುಟ್ಟಿ ಗೌರವಿಸುತ್ತಾರೆ. 269 ಹೊಡೆತಗಳಲ್ಲಿ ಒಲಿಂಪಿಕ್ಸ್ ಮುಗಿಸಿದ ಇಪ್ಪತ್ತಮೂರರ ಹುಡುಗಿಯ ಬಗ್ಗೆ ನಾವು ಒಂದು ಹೊಡೆತ ಹೆಚ್ಚಾಯಿತು ಎಂದೇ ಮಾತಾಡಿದೆವು. 268 ಸಲ ಆಕೆ ಮಾಡಿದ್ದೇನು ಎಂದು ಕೇಳುವ ಸೌಜನ್ಯ ನಮಗೆ ಬಂದಿದ್ದರೆ ಪದಕವಿಲ್ಲದ ಆ ಬೆಳಿಗ್ಗೆಯೂ ಹಬ್ಬವಾಗಿರುತ್ತಿತ್ತು.