ಬಹುಮತದ ಅಪ್ಪಣೆಯು ಎಷ್ಟರ ವರೆಗೆ ಸಲ್ಲುವದು?

ಒಂದು ನಾಡಿನವರು ತಾವು ನೆರೆಯವರೊಡನೆ ಕೂಡಿರಬೇಕೋ ಬೇರೆಯಾಗಿರಬೇಕೋ ಎಂಬದನ್ನು ಮತ ಹಾಕಿ ತೀರ್ಮಾನಿಸಿದ ಮೇಲೆ, ಗೆದ್ದವರು ಎಷ್ಟನ್ನು ಗೆದ್ದರು? ಸೋತವರು ಎಷ್ಟನ್ನು ಬಿಟ್ಟುಕೊಡಬೇಕು? ಇದು ರಾಜಕಾರಣಿಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ಎಣಿಸಕೂಡದು. ಯಾಕಂದರೆ ಕೊಟ್ಟ ಮಾತು, ನೆರೆಯವನ ಮನಸ್ಸಾಕ್ಷಿ, ಇವೆರಡನ್ನೂ ಅದು ಮುಟ್ಟುತ್ತದೆ.

2014ನೇ ಇಸವಿ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನವರಿಗೆ, ನಿಮ್ಮ ನಾಡು ಸ್ವತಂತ್ರ ದೇಶವಾಗಬೇಕೋ ಎಂಬ ಒಂದೇ ಪ್ರಶ್ನೆಯು ಕೇಳಲ್ಪಟ್ಟಿತು. ಮತ ಹಾಕಿದವರಲ್ಲಿ ನೂರಕ್ಕೆ 55 ಮಂದಿ ಬೇಡವೆಂದೂ 45 ಮಂದಿ ಬೇಕೆಂದೂ ಹೇಳಿದರು. ಬ್ರಿಟನಿನೊಡನೆ ಉಳಿದರೆ ಯೂರೋಪಿನ ಒಕ್ಕೂಟದಲ್ಲಿಯೂ ನಮ್ಮ ಸ್ಥಾನವು ಭದ್ರವಾಗಿರುವದೆಂದು ಕೂಡಿರಬೇಕೆನ್ನುವವರು ವಾದಿಸಿದ್ದರು. ಎರಡು ವರುಷ ತುಂಬುವದಕ್ಕೆ ಮುಂಚೆ, 2016ನೇ ಜೂನ್ 23ರಂದು, ಬ್ರಿಟನಿನ ಅಲ್ಪ ಬಹುಮತವು ಆ ಒಕ್ಕೂಟವನ್ನು ಬಿಡಬೇಕೆಂದು ತೀರ್ಮಾನಿಸಿತು. ಸ್ಕಾಟ್ಲೆಂಡಿನಲ್ಲಾದರೋ ನೂರಕ್ಕೆ 62 ಮಂದಿ ಬಿಡಬಾರದೆಂದಿದ್ದರು. ಆಗ ಅವರು ಮತ್ತೊಮ್ಮೆ ಕೇಳಿರೆಂದರು. ಬ್ರಿಟನಿನ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡಿನ ಶಾಸನಸಭೆಯು ಹಾಗೆ ಕೇಳಲಾರದೆಂದು 2022ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿತು.

ಇದೇ ಬಗೆಯ ವ್ಯಾಜ್ಯವು ನಮ್ಮ ಸಮೀಪದಲ್ಲಿಯೂ ನಡೆಯಿತು. ಕೆಂಗೇರಿಯಿಂದ ಮೈಸೂರು ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೋಗುವವರು ಮೈಸೂರನ್ನು ದಾಟಿ ಕೊಡಗನ್ನು ಸೇರುವರು. 1834ರಲ್ಲಿ ಕುಂಪಣಿಯವರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದಂದಿನಿಂದ ಆ ನಾಡು ಮೈಸೂರಿಗೆ ಸೇರದೆ ಬೇರೆಯಾಗಿಯೇ ಆಳಲ್ಪಟ್ಟಿತು. ಸಂವಿಧಾನವು ಬಂದ ಮೇಲೆ ಒಂದು ಚಿಕ್ಕ ರಾಜ್ಯವೇ ಆಯಿತು. 1952ರ ಚುನಾವಣೆಯಲ್ಲಿ ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ಸು ಮೈಸೂರಿನೊಡನೆ ಕೂಡಬೇಕೆಂದಿತು. ಗಾಂಧಿವಾದಿಗಳಾದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷವು ಕೂಡದೆಂದಿತು. (ತಕ್ಕಡಿಯೆಂಬ ಹೆಸರು ಇಂಥ ವ್ಯಾಜ್ಯಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.) 24 ಸ್ಥಾನಗಳಲ್ಲಿ 15 ಕಾಂಗ್ರೆಸ್ಸಿಗೂ 9 ತಕ್ಕಡಿಯವರಿಗೂ ಬಂದವು. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಕೂಡಿಸಬಹುದೆಂದು ವರದಿ ಕೊಟ್ಟಿತು. 1956ನೇ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನಲ್ಲಿ ಸೇರಿತು.

ಹೀಗಿರಲಾಗಿ, ಕೊಡಗಿನವರು ಒಪ್ಪಿಯೇ ಸೇರಿದರೆಂದು ಹೇಳಬಹುದೋ? 15 ಸ್ಥಾನಗಳು ಸಾಲವೋ ಎಂದು ಕೆಲವರು ಕೇಳುವರು. ಆದರೆ ಮತದಾರನು ಒಂದು ಪಕ್ಷಕ್ಕೆ ಮತ ಹಾಕುವಾಗ ಅದರ ಒಂದೇ ಮಾತನ್ನು ನೋಡಿ ಹಾಕುವದಿಲ್ಲ. ಅಭ್ಯರ್ಥಿಯ ನಡತೆ, ರಸ್ತೆ, ಶಾಲೆ, ಸ್ವಾತಂತ್ರ್ಯ ಹೋರಾಟದ ನೆನಪು ಇವೆಲ್ಲವನ್ನೂ ನೋಡುವನು. ಇದು ಬರೀ ಊಹೆಯಲ್ಲವೆಂಬದಕ್ಕೆ ನಮ್ಮ ನೆರೆಯ ಗೋವೆಯೇ ಸಾಕ್ಷಿ. ಅಲ್ಲಿ 1967ನೇ ಜನವರಿ 16ರಂದು, ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇರೆಯಾಗಿಯೇ ಇರಬೇಕೋ ಎಂದು ಜನರನ್ನು ನೇರವಾಗಿ ಕೇಳಿದರು. ಬೇರೆಯಾಗಿರಬೇಕೆಂದವರು 1,72,191, ಸೇರಬೇಕೆಂದವರು 1,38,170. ಆದರೆ ಅದೇ ವರುಷದ ಮಾರ್ಚ್ ತಿಂಗಳ ಚುನಾವಣೆಯಲ್ಲಿ ಅದೇ ಜನರು, ಸೇರಬೇಕೆಂದು ಹೋರಾಡಿದ್ದ ದಯಾನಂದ ಬಾಂದೋಡಕರರ ಪಕ್ಷವನ್ನೇ ಮರಳಿ ಅಧಿಕಾರಕ್ಕೆ ತಂದರು! ಪಕ್ಷವು ಬೇಕು, ಅದರ ಮುಖ್ಯ ಬೇಡಿಕೆಯು ಬೇಡ ಎಂದು ಜನರು ಮೂರು ತಿಂಗಳೊಳಗೆ ಬಿಡಿಬಿಡಿಯಾಗಿ ಹೇಳಿದರು. ಗೋವೆಯಲ್ಲಿ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳದೆ, ಚುನಾವಣೆಯನ್ನೇ ಜನರ ಅಪ್ಪಣೆಯೆಂದು ತಕ್ಕೊಂಡಿದ್ದರೆ ಇಂದು ಆ ರಾಜ್ಯವೇ ಇರುತ್ತಿರಲಿಲ್ಲ. ಆದಕಾರಣ ಕೊಡಗಿನ 15 ಸ್ಥಾನಗಳು ಆಳುವ ಅಧಿಕಾರವನ್ನು ನಿಸ್ಸಂದೇಹವಾಗಿ ಕೊಟ್ಟವು. ನಾಡನ್ನು ಕೂಡಿಸುವ ಅಪ್ಪಣೆಯನ್ನು ಅಷ್ಟೇ ಸ್ಪಷ್ಟವಾಗಿ ಕೊಟ್ಟವೆಂದು ನಾವು ಹೇಳಲಾರೆವು.

ಜನರನ್ನು ಹೀಗೆ ಕೇಳಬೇಕೆಂದು ನಮ್ಮ ಸಂವಿಧಾನವು ವಿಧಿಸಿಲ್ಲವೆಂಬದೂ ನಿಜವೇ. ಅದರ ಮೂರನೆಯ ಅನುಚ್ಛೇದದ ಪ್ರಕಾರ ಎಲ್ಲೆಗಳನ್ನು ಬದಲಿಸುವ ಅಧಿಕಾರವು ಪಾರ್ಲಿಮೆಂಟಿನದು. ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು, ಅದರ ಒಪ್ಪಿಗೆಯೇ ಬೇಕೆಂದಿಲ್ಲ. ಚಿಕ್ಕ ಎಲ್ಲೆಗಳಲ್ಲಿಯೂ ಹೀಗೆಯೇ. 2007ರಲ್ಲಿ ಕೆಂಗೇರಿಯ ಪುರಸಭೆಯು ಬೆಂಗಳೂರಿನ ಮಹಾನಗರ ಪಾಲಿಕೆಯೊಳಗೆ ಸೇರಿಸಲ್ಪಟ್ಟಿತು. 2025ರಲ್ಲಿ ಆ ಪಾಲಿಕೆಯೂ ಹೋಗಿ ಐದು ಪಾಲಿಕೆಗಳಾದವು. ಎರಡು ಸಲವೂ ಬೇಕೋ ಬೇಡವೋ ಎಂಬ ಮತಪತ್ರವು ಯಾರ ಕೈಗೂ ಬರಲಿಲ್ಲ.

ಕೇಳಿದರೂ ಯಾರನ್ನು ಕೇಳುವದು? ಈ ಗಂಟು ಬಿಡಿಸುವದು ಬಹಳ ಕಷ್ಟ. ಕೊಡಗಿನೊಳಗೆ ಕೊಡವ ಭಾಷೆಯವರೂ ಅರೆಭಾಷೆಯವರೂ ಕನ್ನಡದವರೂ ಮಲೆಯಾಳದವರೂ ಇದ್ದಾರೆ. ಕೊಡವರನ್ನು ಮಾತ್ರ ಎಣಿಸಿದರೆ ಒಂದು ಉತ್ತರ, ಕೊಡಗನ್ನೆಲ್ಲಾ ಎಣಿಸಿದರೆ ಇನ್ನೊಂದು, ಕನ್ನಡ ನಾಡನ್ನೆಲ್ಲಾ ಎಣಿಸಿದರೆ ಮತ್ತೊಂದು ಬರಬಹುದು. 2016ರಲ್ಲಿ ಸ್ಕಾಟ್ಲೆಂಡಿನವರಿಗೆ ಆದದ್ದು ಇದೇ: ತಮ್ಮೊಳಗೆ ಅವರು ಬಹುಮತ, ಬ್ರಿಟನಿನೊಳಗೆ ಅಲ್ಪಮತ. ಎಣಿಸಬೇಕಾದ ಗುಂಪು ಯಾವದೆಂಬದನ್ನು ಎಣಿಕೆಯೇ ಹೇಳಿಕೊಡಲಾರದು. ಎಣಿಕೆಗೆ ಮುಂಚೆ ಒಬ್ಬರನ್ನೊಬ್ಬರು ಒಂದೇ ಜನವೆಂದು ಒಪ್ಪಿಕೊಂಡಿರಬೇಕು. ಆ ಒಪ್ಪಿಗೆಯಿದ್ದರೆ ಸೋತವನು ತಾನು ಸೋತೆನೆನ್ನುವನು, ಇಲ್ಲದಿದ್ದರೆ ತನ್ನನ್ನು ಕಸಿದುಕೊಂಡರೆನ್ನುವನು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವದಿಲ್ಲ. ಬಹುಮತವು ಸೋತವನ ಕೈಕಾಲುಗಳನ್ನು ಕಟ್ಟಬಹುದು, ಅಂದರೆ ಅವನು ಕಾನೂನಿಗೆ ಒಳಪಟ್ಟು ತೆರಿಗೆ ತೆತ್ತು ಶಾಂತಿಯಿಂದ ಬಾಳಲೇಬೇಕು. ಅವನ ನಾಲಿಗೆಯನ್ನು ಅದು ಕಟ್ಟಲಾರದು. ತಾವು ಗೆಲ್ಲುವ ತನಕ ವರುಷಕ್ಕೊಮ್ಮೆ ಮತ ಕೇಳುತ್ತಾ ಇರಬೇಕೆನ್ನುವವರು ಜನರನ್ನು ದಣಿಸಿ ಗೆಲ್ಲಲು ನೋಡುವವರು. ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ಆದರೆ ಯಾವ ಭರವಸೆಯನ್ನು ನಂಬಿ ಜನರು ಮತ ಹಾಕಿದರೋ ಆ ಭರವಸೆಯೇ ಕೆಟ್ಟುಹೋದರೆ, ಪುನಃ ಕೇಳೆಂಬ ಮಾತು ಹಟವಲ್ಲ, ನ್ಯಾಯವೇ. ಈ ಕಾರಣದಿಂದ ಸ್ಕಾಟ್ಲೆಂಡಿನವರ ಬೇಡಿಕೆಯು ನ್ಯಾಯವಾದದ್ದೆಂದು ನಮಗೆ ತೋರುತ್ತದೆ. ಅವರು ಬೇರೆಯಾಗುವದು ಹಿತವೋ ಅಲ್ಲವೋ ಎಂಬದು ಬೇರೆ ಮಾತು.

ಕೊಡಗಿನ ಸಂಗತಿಯಲ್ಲಿ ನಾವು ಕನ್ನಡಿಗರು ಗೆದ್ದ ಪಕ್ಷದವರು. ಆದುದರಿಂದ ಲೆಕ್ಕವನ್ನು ಒಪ್ಪಿಸಬೇಕಾದವರೂ ನಾವೇ. ಸೇರುವ ಮುಂಚೆ ಆ ನಾಡಿಗೆ 24 ಮಂದಿಯ ಸ್ವಂತ ಶಾಸನಸಭೆಯಿತ್ತು. ಈಗ ಬೆಂಗಳೂರಿನ ವಿಧಾನಸಭೆಯ 224 ಸ್ಥಾನಗಳಲ್ಲಿ ಮಡಿಕೇರಿ, ವಿರಾಜಪೇಟೆ ಎಂಬ ಎರಡು ಮಾತ್ರ ಕೊಡಗಿನವು. 2008ರ ವರೆಗೆ ಮೂರಿದ್ದವು. 1990ರ ದಶಕದಲ್ಲಿ ಅಲ್ಲಿ ಪ್ರತ್ಯೇಕ ರಾಜ್ಯದ ಕೂಗು ಎದ್ದಾಗ ನಮ್ಮಲ್ಲಿ ಅನೇಕರು ಕೋಪಗೊಂಡರು. 24 ಎರಡಾದ ಮೇಲೆ ಆ ಇಬ್ಬರು ಎದ್ದು ನಿಂತು ಮಾತಾಡುವಾಗ ಉಳಿದ 222 ಮಂದಿ ಕೇಳುತ್ತಾರೋ ಎಂದು ವಿಚಾರಿಸಿದವರು ಕೊಂಚವೇ.