ಕೆರೆಯ ಅಸಲು, ನಗರದ ಲಾಭ

ನಗರವು ಬೆಳೆಯಲೇಬಾರದೆಂದು ವಾದಿಸುವವರ ಪಕ್ಷ ನನ್ನದಲ್ಲ. ಹಳ್ಳಿಯಲ್ಲಿ ಬದುಕು ಸಾಗದೆ ಬಂದವರಿಗೆ ಅನ್ನವಿತ್ತದ್ದು ನಗರವೇ. ವ್ಯಾಪಾರಿಯಾದ ನನಗೂ ಇತ್ತಿದೆ. ಆದರೆ ಆ ಬೆಳವಣಿಗೆಯ ಲೆಕ್ಕವನ್ನು ಹೇಗೆ ಬರೆಯಬೇಕೆಂಬುದು ವಿಚಾರಾರ್ಹವಾಗಿದೆ.

ಬೆಂಗಳೂರನ್ನೇ ನೋಡೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಹತ್ತಿರದಲ್ಲಿ ಜೀವನದಿಯಿಲ್ಲ. ಅದನ್ನರಿತ ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿಳಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಇವು ಸಾರ್ವಜನಿಕರಿಗಾಗಿಯೇ ಆದವು. ಆ ನಿಲ್ದಾಣದಲ್ಲಿ ನೂರಾರು ಸಲ ಬಸ್ಸು ಹತ್ತಿದ ನಾನು ಇದನ್ನು ಮರೆತು ದೂರಿದರೆ ಪ್ರಾಮಾಣಿಕನಾಗಲಾರೆ.

ಆದರೂ ಅಸಲನ್ನು ಮಾರಿ ಬಂದ ಹಣವನ್ನು ಲಾಭವೆಂದು ಬರೆಯಕೂಡದೆಂಬುದು ವಾಣಿಜ್ಯದ ಮೊದಲ ಪಾಠ. ಕೆರೆ ಅಸಲು, ಅಂತರ್ಜಲ ಅದರ ಬಡ್ಡಿ. ಕೆರೆಯಂಗಳ ನಿವೇಶನಗಳಾದಾಗ ಬೆಲೆ ಜಮೆಯ ಪುಟಕ್ಕೆ ಬಂದಿತು. ಬತ್ತಿದ ಬಾವಿಗಳ ನಷ್ಟ ಯಾರ ಪುಸ್ತಕದಲ್ಲೂ ಕಾಣಲಿಲ್ಲ. 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯ ನೀರನ್ನು ವಿದ್ಯುತ್ತಿನಿಂದ ಮೇಲೆತ್ತಿ ತರುತ್ತಿದ್ದೇವೆ. ಹಾಗಿದ್ದೂ 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಜನ ಟ್ಯಾಂಕರಿಗೆ ಕಾದರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಪೂರ್ವ ಭಾಗದ ಬಡಾವಣೆಗಳು ಮುಳುಗಿದ್ದವು. ಬೆಳ್ಳಂದೂರು ಕೆರೆಯಂತೂ 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿಯಿತು. ನೀರಿಗೇ ಬೆಂಕಿ ಹತ್ತಿತೆಂದರೆ ನಮ್ಮ ಅಜ್ಜಂದಿರು ನಂಬುತ್ತಿರಲಿಲ್ಲ.

ದೋಷ ಯಾರದು? ಕೊಂಡವನು ತನ್ನ ಕ್ರಯಪತ್ರವನ್ನು ತೋರಿಸುತ್ತಾನೆ, ಮಾರಿದವನು ಪರವಾನಗಿಯನ್ನು. ಕೃತ, ಕಾರಿತ, ಅನುಮೋದನೆಗಳೆಂಬ ವಿಂಗಡಣೆಯನ್ನು ಬಲ್ಲ ನಮಗೆ ಈ ಉತ್ತರಗಳು ಸಾಲವು. ಸುಮ್ಮನೆ ನೋಡಿ ಮೆಚ್ಚಿದವನೂ ಪಾಲುದಾರನೇ.

ಕೆಲವು ವರ್ಷಗಳ ಹಿಂದೆ ನನಗೂ ಅಗ್ಗದಲ್ಲೊಂದು ನಿವೇಶನ ಬಂದಿತ್ತು. ಗ್ರಾಮನಕ್ಷೆ ತರಿಸಿ ನೋಡಿದೆ. ಅದರ ಮೇಲೆಯೇ ಕಾಲುವೆಯ ಗುರುತಿತ್ತು. ಕೊಳ್ಳದೆ ಬಿಟ್ಟು ನೆಮ್ಮದಿಯಿಂದಿದ್ದೆ. ಮರುತಿಂಗಳು ಬೇರೊಬ್ಬರು ಕೊಂಡರು. ನನ್ನ ಕೈ ಶುದ್ಧವಾಗಿ ಉಳಿಯಿತು, ಕಾಲುವೆ ಉಳಿಯಲಿಲ್ಲ. ಅಂದು ನಾಲ್ಕು ಜನರಿಗೆ ಹೇಳಬಹುದಿತ್ತು, ಒಂದು ಅರ್ಜಿಯನ್ನಾದರೂ ಬರೆಯಬಹುದಿತ್ತು. ಬರೆಯಲಿಲ್ಲ.

2016ರಲ್ಲಿ ರಾಜಕಾಲುವೆಗಳ ಒತ್ತುವರಿ ತೆರವಾದಾಗ ಸಾಲ ಮಾಡಿ ಮನೆ ಕಟ್ಟಿದ್ದವರ ಗೋಡೆಗಳು ಉರುಳಿದವು. ನಿವೇಶನ ಮಾರಿದವರು ಲಾಭದೊಡನೆ ಎಂದೋ ದೂರ ಸರಿದಿದ್ದರು. ತೆರವು ಬೇಡವೆನ್ನಲಾರೆ, ಆದರೆ ವಸೂಲಿ ಕೊನೆಯವನಿಂದಲೇ ಆರಂಭವಾಗುವುದನ್ನು ನ್ಯಾಯವೆಂದು ಒಪ್ಪಲಾರೆ. ಆ ಗ್ರಾಮನಕ್ಷೆಯ ಪ್ರತಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಕಾಲುವೆಯ ಗುರುತಿದ್ದಲ್ಲಿ ಈಗ ನಾಲ್ಕು ಮನೆಗಳಿವೆ, ದೀಪ ಹಚ್ಚಿ ಸಂಸಾರ ನಡೆಸುವವರಿದ್ದಾರೆ.