ಬಣ್ಣ ತೊಳೆಯುವ ಹೊತ್ತು

ರಜೆಯಲ್ಲಿ ಮಗಳು ಓದುತ್ತಿದ್ದ ‘ಓಶಿ ನೋ ಕೊ’ ಎಂಬ ಜಪಾನೀ ಚಿತ್ರಕಥೆಯನ್ನು ನಾನೂ ಓದಿದೆ. ಅಕಸಾಕ ಬರೆದು ಯೊಕೊಯಾರಿ ಚಿತ್ರ ಬಿಡಿಸಿದ ಇದು 2020ರಿಂದ 2024ರವರೆಗೆ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಬಂದದ್ದು. ಹಾಡಿ ಕುಣಿಯುವ ಐ ಎಂಬ ಹುಡುಗಿ ಸಾವಿರಾರು ಜನಕ್ಕೆ ‘ನಿಮ್ಮನ್ನು ಪ್ರೀತಿಸುತ್ತೇನೆ’ ಎನ್ನುತ್ತಾಳೆ. ಸುಳ್ಳೆಂದು ಅವಳಿಗೇ ಗೊತ್ತು. ಹೇಳುತ್ತ ಹೇಳುತ್ತ ಎಂದಾದರೂ ನಿಜವಾದೀತೆಂಬ ಆಸೆ. ಅವಳಿಗೆ ಮಕ್ಕಳಿರುವುದನ್ನು ತಿಳಿದ ಅಭಿಮಾನಿಯೊಬ್ಬ ಅವಳನ್ನು ಇರಿದು ಕೊಲ್ಲುತ್ತಾನೆ.

“ಮೊದಲು ಮೋಸ ಮಾಡಿದ್ದು ಅವಳೇ ಅಲ್ಲವೇನಪ್ಪಾ?” ಎಂದಳು ಮಗಳು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಛೇರಿಯ ಪತ್ರಗಳಲ್ಲಿ ನಾವೂ ದಿನಕ್ಕೆ ಹತ್ತು ಸಲ ‘ತಮ್ಮ ವಿಧೇಯ’ ಎಂದು ಬರೆಯುತ್ತೇವೆ. ಯಾರೂ ನಂಬುವುದಿಲ್ಲ, ಯಾರೂ ನೋಯುವುದೂ ಇಲ್ಲ!

ನಮ್ಮ ಅಹಮದಾಬಾದಿನಲ್ಲೇ ಜಯಶಂಕರ ‘ಸುಂದರಿ’ಯವರ ಹೆಸರಿನ ನಾಟ್ಯಗೃಹವಿದೆ. ಈ ಸುಂದರಿ ಹೆಂಗಸಲ್ಲ. ಜಯಶಂಕರ ಭೋಜಕರು ಹುಡುಗನಾಗಿದ್ದಾಗ, 1901ರಲ್ಲಿ, ‘ಸೌಭಾಗ್ಯ ಸುಂದರಿ’ ನಾಟಕದಲ್ಲಿ ಹೆಣ್ಣಿನ ಪಾತ್ರ ವಹಿಸಿದರು. ಆ ಹೆಸರೇ ನಿಂತಿತು. ಮುಂಬಯಿಯ ಹೆಂಗಸರು ಅವರ ಉಡುಗೆ, ನಡಿಗೆಗಳನ್ನು ಅನುಕರಿಸುತ್ತಿದ್ದರಂತೆ. ಟಿಕೆಟ್ ಕೊಂಡವರಿಗೆಲ್ಲ ಅವರು ಗಂಡಸೆಂದು ಗೊತ್ತಿತ್ತು. ಪರದೆ ಬಿದ್ದರೆ ಇಬ್ಬರೂ ಬಿಡುಗಡೆ.

ಐಗೆ ಆ ಪರದೆಯೇ ಇಲ್ಲ. ಮನೆಯೊಳಗೂ ಪಾತ್ರ, ಹೆತ್ತ ಮಕ್ಕಳೂ ಗುಟ್ಟು. ಸುಳ್ಳಾಡಿದವಳು ಅವಳೇ, ನಿಜ. ಆದರೆ ಪರದೆ ಬೀಳದಂತೆ ಹಿಡಿದು ಹಣ ಎಣಿಸಿದವರ ಪಾಲು? ಬೀಳಬಾರದೆಂದು ಹಟ ಹಿಡಿದ ನಮ್ಮಂಥ ನೋಡುಗರ ಪಾಲು? ಮಗಳಿಗೆ ಇಷ್ಟನ್ನೇ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ.

ರಾಜ್ಯೋತ್ಸವಕ್ಕೆ ಅವಳದೂ ಒಂದು ನೃತ್ಯವಿದೆ. ಬಣ್ಣ ತೊಳೆದು ಬರುವತನಕ ನಾನು ಹೊರಗೆ ಕಾದಿರುತ್ತೇನೆ.